ಮಾಲೆ ಹಾಕಿದ ಡ್ರೈವರು, ನನ್ನ ಬಲಗೈ

ಕಾರ್ತಿಕ ಕಳೆದು ಮಂಜು ಬೀಳುವುದಕ್ಕೆ ಶುರುವಾದರೆ ನನಗೆ ಯಾರ ಸಂಗವೂ ಬೇಡ. ಇದು ಇವತ್ತು ನಿನ್ನೆಯ ರೋಗವಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೊದಲ ಚಳಿಗಾಲದಿಂದ ಇದೆ. ಏಳಬೇಕು ಅನ್ನಿಸುವುದಿಲ್ಲ, ಉಣ್ಣಬೇಕು ಅನ್ನಿಸುವುದಿಲ್ಲ, ಯಾರಾದರೂ ಮಾತಾಡಿಸಿದರೆ ಮೈ ಉರಿಯುತ್ತದೆ. ನನ್ನ ಅತ್ತೆ ಅದನ್ನು ಸೋಮಾರಿತನ ಅಂದಳು. ಗಂಡ ಗಾಳಿ ಮೆಟ್ಟಿದೆ ಅಂದ, ತಾಯಿತ ಕಟ್ಟಿಸಿದ. ಈಗ ಸೊಸೆ ಫೋನಿನಲ್ಲಿ ನೋಡಿ ಅದಕ್ಕೆ ಯಾವುದೋ ಇಂಗ್ಲಿಷ್ ಹೆಸರು ಹೇಳುತ್ತಾಳೆ. ನಾನು ಮಂಕು ಅನ್ನುತ್ತೇನೆ. ಹೆಸರು ಏನಾದರೇನು, ಹಾಸಿಗೆ ಅಂತೂ ಬಿಡುವುದಿಲ್ಲ.

ಮೊದಲೆಲ್ಲ ಮಂಕಿಗೆ ನನ್ನ ಹತ್ತಿರ ಪುರುಸೊತ್ತು ಇರಲಿಲ್ಲ. ರಾಗಿ ಕೊಯ್ಲು ಅದೇ ತಿಂಗಳು. ಕೊಯ್ಯಬೇಕು, ಮೆದೆ ಹಾಕಬೇಕು, ಆನೆ ಕಾಯಬೇಕು. ಅಳು ಬಂದರೂ ಕುಡುಗೋಲು ಹಿಡಿದೇ ಅಳಬೇಕು. ಸಂಕ್ರಾಂತಿ ಹೊತ್ತಿಗೆ ಬಿಸಿಲು ಬಲಿಯುತ್ತಿತ್ತು, ಅದೂ ತಾನಾಗಿ ಹೋಗುತ್ತಿತ್ತು. ನಾನೇನು ಗೆದ್ದವಳಲ್ಲ. ಕೆಲಸದ ಕೆಳಗೆ ಅದು ಕಾಣುತ್ತಿರಲಿಲ್ಲ, ಅಷ್ಟೇ.

ಈ ಸಲ ಕೆಲಸ ಇರಲಿಲ್ಲ. ಕೈಯೇ ಇರಲಿಲ್ಲ.

ದೀಪಾವಳಿ ಮುಗಿದ ವಾರ ಮದರಾಸಿನ ಕಡೆ ಪುಯಲ್ ಎದ್ದಿತ್ತು. ಅಲ್ಲಿ ಸಮುದ್ರದಲ್ಲಿ ಬಿರುಗಾಳಿ ಎದ್ದರೆ ಇಲ್ಲಿ ನಮ್ಮ ಡೆಂಕಣಿಕೋಟೆ ಕಡೆ ನಾಲ್ಕು ದಿನ ಸೂರ್ಯ ಕಾಣುವುದಿಲ್ಲ, ಸೋನೆ ಹಿಡಿದುಕೊಳ್ಳುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಕಾಲು ಜಾರಿತು, ಬಲಗಡೆಗೆ ಬಿದ್ದೆ. ಭುಜದ ಮೂಳೆ ಬಿರುಕು ಬಿಟ್ಟಿತು. ಮಗ ಆಸ್ಪತ್ರೆ ಅಂದ. ನಾನು ನಾಟಿ ಕಟ್ಟು ಸಾಕು ಅಂದೆ. ಕಟ್ಟು ಹಾಕುವವನು ಮೊಟ್ಟೆಯ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು, ಕೈಯನ್ನು ಎದೆಗೆ ಸೇರಿಸಿ ಬಿಗಿದ. ಮೂರು ವಾರಕ್ಕೆ ಬಂದು ಬಿಚ್ಚಿಸಿಕೊಳ್ಳಿ ಅಂತ ಹೇಳಿದ. ಅವನ ತಪ್ಪು ಏನೂ ಇಲ್ಲ. ನಾನು ಹೋಗಲಿಲ್ಲ. ಆರು ವಾರ ಹಾಗೇ ಇಟ್ಟುಕೊಂಡೆ. ಯಾಕೆ ಅಂದರೆ ಅಷ್ಟು ಹೊತ್ತಿಗೆ ಚಳಿ ಶುರುವಾಗಿತ್ತು, ಕಟ್ಟು ಬೆಚ್ಚಗಿತ್ತು. ಕಟ್ಟು ಇದ್ದರೆ ಯಾರೂ ನನ್ನನ್ನು ಏಳು ಅನ್ನುವುದಿಲ್ಲ ಅನ್ನುವುದೂ ಇತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಿಚ್ಚಿದಾಗ ಕೈ ಎದೆಮಟ್ಟಕ್ಕಿಂತ ಮೇಲೆ ಬರಲಿಲ್ಲ. ಮರದ ಕೊಂಬೆ ತರಹ ನಿಂತುಬಿಟ್ಟಿತ್ತು.

ಆಮೇಲೆ ಹೊಸೂರಿಗೆ ಓಡಿದ್ದು. ಡಾಕ್ಟರು ಫೋಟೋ ತೆಗೆಸಿ, ಮೂಳೆ ಕೂಡಿದೆ, ಆದರೆ ಭುಜ ಬಿಗಿದುಕೊಂಡಿದೆ ಅಂದರು. ಕೈಗೆ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ತಮಿಳು ಹುಡುಗಿ, ಸಣ್ಣಗೆ ಕಡ್ಡಿ ಹಾಗಿದ್ದಾಳೆ, ಹಿಡಿದರೆ ಮಾತ್ರ ಇಕ್ಕಳ. ವಾರಕ್ಕೆ ಎರಡು ಸಲ, ಹನ್ನೆರಡು ಸಲ ಬರಬೇಕು ಅಂತ ತಮಿಳಿನಲ್ಲಿ ಅಂದಳು. ನನ್ನನ್ನು ಪಾಟ್ಟಿ ಅನ್ನುತ್ತಾಳೆ, ಅಜ್ಜಿ ಅಂತ. “ಪಾಟ್ಟಿ, ಎರಡು ವಾರ ಬಿಟ್ಟರೆ ಇಷ್ಟೇ” ಅಂತ ನನ್ನ ಕೈಯನ್ನು ಎದೆಯ ಹತ್ತಿರ ಹಿಡಿದು ತೋರಿಸಿದಳು. “ಇಲ್ಲೇ ನಿಂತುಬಿಡುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ.”

ನನಗೆ ಅರ್ಥವಾಯಿತು. ಬಲಗೈ ಇಲ್ಲದಿದ್ದರೆ ತಲೆಗೆ ನೀರು ಹುಯ್ಯುವುದಕ್ಕೆ ಇನ್ನೊಬ್ಬರು, ರವಿಕೆ ತೊಡಿಸುವುದಕ್ಕೆ ಇನ್ನೊಬ್ಬರು. ಸೊಸೆ ಗುಲಾಬಿ ತೋಟದ ಶೆಡ್ಡಿನಲ್ಲಿ ಹೂವು ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಮಗನದು ಫ್ಯಾಕ್ಟರಿ, ಶಿಫ್ಟು. ನನ್ನ ಮೈ ತೊಳೆಯುವುದಕ್ಕೆ ಯಾರು ಕೆಲಸ ಬಿಡುತ್ತಾರೆ? ಯಾಕೆ ಬಿಡಬೇಕು? ಇಷ್ಟೆಲ್ಲ ತಿಳಿದೂ ಬೆಳಿಗ್ಗೆ ಏಳುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಮಂಕು ಅಂದರೆ ಅದು. ತಿಳಿಯದೇ ಇರುವುದಲ್ಲ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆ ಒಂದು ಬಸ್ಸು, ಅದರಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಈ ಕೈ ಇಟ್ಟುಕೊಂಡು ಬಸ್ಸು ಬೇಡ ಅಂತ ಮಗ ಟ್ಯಾಕ್ಸಿಗೆ ಹೇಳಿದ. ಮಂಗಳವಾರ, ಶುಕ್ರವಾರ.

ಮೊದಲನೇ ದಿನ ಬಂದವನು ಮುದುಕ. ಮನೆಯಿಂದ ಹೊಸೂರಿನವರೆಗೆ ತನ್ನ ಮೊಣಕಾಲಿನ ವಿಷಯ ಹೇಳಿದ. ವಾಪಸು ಬರುವಾಗ ಇನ್ನೊಂದು ಮೊಣಕಾಲಿನ ವಿಷಯ. ಎರಡನೇ ದಿನ ಬಂದವನು ತೆಲುಗಿನವನು, ಬೇರಿಕೆ ಕಡೆಯವನು. ದಾರಿಯಲ್ಲಿ ಕಂಡ ಪ್ರತಿ ಹೊಲ ತೋರಿಸಿ, ಇದು ಲೇಔಟ್ ಆಗುತ್ತೆ, ಅದು ಲೇಔಟ್ ಆಗುತ್ತೆ ಅಂದ. ಸ್ಮಶಾನ ಬಂತು. ಅದನ್ನೂ ತೋರಿಸಿದ. ಇವರಿಗೆಲ್ಲ ಸ್ಟೀರಿಂಗು ತಿರುಗಿದರೆ ಬಾಯಿ ತಿರುಗುತ್ತದೆ ಅಂತ ಕಾಣುತ್ತದೆ. ಮನೆಗೆ ಬಂದು ಸೊಸೆಗೆ ಹೇಳಿದೆ, ಮೂಗನಾದ ಡ್ರೈವರು ಸಿಕ್ಕರೆ ಕಳಿಸು, ಇಲ್ಲದಿದ್ದರೆ ನಾನು ಹೋಗುವುದಿಲ್ಲ.

ಅವಳು ಕಳಿಸಿದ್ದು ಈ ಇಬ್ಬರನ್ನೂ ಮೀರಿಸಿದವನನ್ನು.

ಮೂವತ್ತು ಮೂವತ್ತೆರಡರ ಹುಡುಗ. ಪಕ್ಕದ ಊರಿನವನೇ, ನಮ್ಮ ಮಾತೇ ಆಡುವವನು. ಶಬರಿಮಲೆಗೆ ಮಾಲೆ ಹಾಕಿದ್ದ. ಕಪ್ಪು ಪಂಚೆ, ಕಪ್ಪು ಅಂಗಿ, ಕುತ್ತಿಗೆಯಲ್ಲಿ ತುಳಸಿ ಮಣಿ, ಬೆಳೆದ ಗಡ್ಡ. ಚಪ್ಪಲಿ ಹಾಕುವ ಹಾಗಿಲ್ಲವಲ್ಲ, ಆ ಚಳಿಯಲ್ಲಿ ಬರಿಗಾಲಿನಲ್ಲಿ ಬ್ರೇಕು ತುಳಿಯುತ್ತಿದ್ದ.

“ಏನ್ಲಾ, ಕೋಳಿ ಕೂಗೋಕೆ ಮುಂಚೆ ಬಂದ್ಬುಟ್ಟೆ?” ಅಂದೆ.

ಸೊಸೆ ಒಳಗಿನಿಂದ ಓಡಿಬಂದಳು. “ಅತ್ತೆ! ಮಾಲೆ ಹಾಕಿರೋರ್ನ ಲಾ ಗೀ ಅನ್ಬಾರ್ದು. ಸ್ವಾಮಿ ಅನ್ನಿ.”

“ಇವ್ನು ಅಂಬೆಗಾಲಿಕ್ಕೋದು ನೋಡಿದೀನಿ ನಾನು.”

“ವಯಸ್ಸು ನೋಡಲ್ಲ ಅತ್ತೆ, ಮಾಲೆ ನೋಡೋದು.”

ಅವನು ನಕ್ಕ. “ಬುಡಿ ಅಕ್ಕ. ಅಜ್ಜಿ ಏನಂದ್ರೂ ನಾನು ಕೋಪ ಮಾಡ್ಕೊಳ್ಳಂಗಿಲ್ಲ. ಮಾಲೆಗೆ ಕೋಪ ಆಗಲ್ಲ, ಕೆಟ್ ಮಾತು ಆಗಲ್ಲ, ಸುಳ್ಳು ಆಗಲ್ಲ.”

“ಮಾತೇ ಆಗಲ್ಲ ಅಂತ ಇಲ್ವಾ ಸ್ವಾಮಿ?” ಅಂದೆ.

“ಅದೊಂದು ಇಲ್ಲ ಅಜ್ಜಿ.”

ಆ ದಿನ ನಾನು ಕಂಬಳಿ ತಲೆಯ ಮೇಲೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಮೂಟೆಯ ಹಾಗೆ ಕೂತೆ. ಅವನು ಮಾತಾಡಿದ. ಕೋಸಿನ ತೋಟ ಕಂಡರೆ ಕೋಸಿನ ಮಾತು, ಲಾರಿ ಅಡ್ಡ ಬಂದರೆ ಲಾರಿಯ ಮಾತು. ಡೆಂಕಣಿಕೋಟೆಯಲ್ಲಿ ಪೊಲೀಸಿನವನು ನಿಲ್ಲಿಸಿದರೆ ಅವನಿಗೂ ಸ್ವಾಮಿ, ಮತ್ತಿಗಿರಿಯ ಹತ್ತಿರ ನಾಯಿ ಅಡ್ಡ ಬಂದರೆ ಅದಕ್ಕೂ ಸ್ವಾಮಿ, ದಾರಿ ಬುಡಿ ಸ್ವಾಮಿ. ನಾನು ಒಂದು ಮಾತಿಗೂ ಹೂಂ ಅನ್ನಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ರೇಡಿಯೋಗೆ ಯಾರು ಹೂಂ ಅನ್ನುತ್ತಾರೆ?

ಮುಂದಿನ ಸಲ ಅವನು ಒಂದು ಮದುವೆಯ ಕಥೆ ತೆಗೆದ.

“ಹೋದ ಆವಣಿ ತಿಂಗಳು ಅಜ್ಜಿ, ಶ್ರಾವಣದ ಮದುವೆ ಕಾಲ, ಒಂದೇ ಮುಹೂರ್ತ, ಹೊಸೂರಲ್ಲಿ ಇರೋ ಬರೋ ಮಂಟಪ ಎಲ್ಲಾ ಬುಕ್ಕು. ಒಬ್ರು ದೊಡ್ಡೋರ್ನ ಹತ್ತಿಸ್ಕೊಂಡೆ. ಮದುವೆ ಗಂಡಿಗೆ ಸ್ವಾದರಮಾವ. ಇಲ್ಲೇ ಇಲ್ಲೇ ಅಂತ ಇಳುದ್ರು. ಒಳಗೆ ಹೋಗಿ ಊಟ ಮಾಡುದ್ರು, ಮುಯ್ಯಿ ಹಾಕುದ್ರು, ಫೋಟೋಗೆ ನಿಂತ್ಕೊಂಡ್ರು. ಆಚೆ ಬಂದು ನನ್ನ ಕೇಳ್ತಾರೆ, ಏನಪ್ಪಾ, ನಮ್ ಹುಡ್ಗ ಇಷ್ಟು ದಪ್ಪ ಯಾವಾಗಾದ ಅಂತ. ಬೇರೆ ಮದುವೆ ಅಜ್ಜಿ! ಇವ್ರ ಅಕ್ಕನ ಮಗ ಎದುರುಗಡೆ ಮಂಟಪದಲ್ಲಿ ಮಾವ ಬರ್ಲಿ ಅಂತ ಕಾಯ್ತಾ ಕೂತವ್ನೆ!”

ನಾನು ಕಂಬಳಿಯ ಒಳಗಿನಿಂದ ಕೇಳಿದೆ. “ಊಟ ಯಾವ್ ಮಂಟಪದಲ್ಲಿ ಚೆನ್ನಾಗಿತ್ತಂತೆ?”

ಗಾಡಿ ಸ್ವಲ್ಪ ಅತ್ತಿತ್ತ ಆಡಿತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

“ಎರಡೂ ಕಡೆ ಉಂಡ್ರು ಅಜ್ಜಿ. ಎರಡ್ನೇ ಕಡೆ ಪಾಯ್ಸ ಚೆನ್ನಾಗಿತ್ತಂತೆ.”

ಬೈಗುಳ ಬಿಟ್ಟರೆ ಹತ್ತು ದಿನದಲ್ಲಿ ನಾನಾಗಿ ಆಡಿದ ಮೊದಲ ಮಾತು ಅದು ಅಂತ ಸಾಯಂಕಾಲ ಸೊಸೆ ಲೆಕ್ಕ ಹಾಕಿದಳು. ಅವನು ಅವಳಿಗೆ ಫೋನು ಮಾಡಿ ಹೇಳಿದ್ದನಂತೆ.

ಹೀಗೆ ಬರೆದರೆ ಅಲ್ಲಿಂದ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೀರಿ. ಇಲ್ಲ. ಮತ್ತೊಂದು ಪುಯಲ್ ಬಂತು, ಮತ್ತೆ ಮೋಡ ಮುಚ್ಚಿತು. ಆ ವಾರ ನಾನು ಮಂಗಳವಾರ ಹೊಟ್ಟೆನೋವು ಅಂದೆ, ಶುಕ್ರವಾರ ತಲೆಸುತ್ತು ಅಂದೆ. ಎರಡೂ ಸುಳ್ಳು. ಗೋಡೆ ಕಡೆ ತಿರುಗಿ ಮಲಗಿದೆ. ಮಗ ಬೈದ, ಸೊಸೆ ಬೈಯಲಿಲ್ಲ, ಎರಡೂ ಒಂದೇ ಅನ್ನಿಸಿತು. ಮುಂದಿನ ಮಂಗಳವಾರ ಸೊಸೆ ಹೊಸೂರಿನ ಹುಡುಗಿಗೆ ಫೋನು ಹಚ್ಚಿ ನನ್ನ ಕಿವಿಗೆ ಇಟ್ಟಳು. ಈ ವಾರವೂ ತಪ್ಪಿಸಿದರೆ ಪಾಟ್ಟಿ ಆಮೇಲೆ ಬರುವುದೇ ಬೇಡ ಅಂದಳು ಅವಳು. ಕೋಪದಿಂದ ಹೇಳಲಿಲ್ಲ, ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ಅದಕ್ಕೇ ಹೆದರಿಕೆಯಾಯಿತು. ಅಷ್ಟು ಹೊತ್ತಿಗೆ ಮಧ್ಯಾಹ್ನ ಆಗಿತ್ತು, ಆ ದಿನವೂ ಹೋಯಿತು. ಉಳಿದಿದ್ದು ಶುಕ್ರವಾರ.

ಶುಕ್ರವಾರ ಸೊಸೆಯೇ ನನ್ನನ್ನು ಎಬ್ಬಿಸಿ, ಮುಖ ತೊಳೆಸಿ, ಗಾಡಿಗೆ ಹತ್ತಿಸಿ, ಆಮೇಲೆ ತನ್ನ ಕೆಲಸಕ್ಕೆ ಓಡಿದಳು. ಮಂಜು ಎಷ್ಟಿತ್ತು ಅಂದರೆ ಮುಂದಿನ ಸೀಟಿನ ಆಚೆ ಏನೂ ಇರಲಿಲ್ಲ. ಮೂರು ಮೈಲಿ ಹೋಗಿರಬೇಕು, ಫಾರೆಸ್ಟಿನ ವಾಚರು ಒಬ್ಬ ಕೈಯಲ್ಲಿ ಪಟಾಕಿ ಕಟ್ಟು ಹಿಡಿದುಕೊಂಡು ಅಡ್ಡ ಬಂದ.

“ಯಾನೈ ಇರುಕ್ಕು. ನಿಲ್ಲುಂಗ.” ಆನೆ ಇವೆ, ನಿಲ್ಲಿ ಅಂದ.

ಎಡಗಡೆ ಯಾರದೋ ರಾಗಿ ಹೊಲ. ಮಂಜು ಸ್ವಲ್ಪ ಸರಿದಾಗ ಕಂಡವು. ಐದು ದೊಡ್ಡವು, ಒಂದು ಮರಿ. ರಾತ್ರಿ ಮೇಯಲು ಬಂದವು ಮಂಜಿನಲ್ಲಿ ಬೆಳಗಾದದ್ದೇ ತಿಳಿಯದೆ ನಿಂತಿದ್ದವು. ತೆನೆ ಕಿತ್ತು, ಮಂಡಿಗೆ ಬಡಿದು ಮಣ್ಣು ಉದುರಿಸಿ, ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಯಾವ ಅವಸರವೂ ಇಲ್ಲ.

ನಮ್ಮ ಸ್ವಾಮಿಯ ಬಾಯಿ ಮುಚ್ಚಿತು. ಗಾಜು ಏರಿಸಿದ. ಎರಡೂ ಕೈ ಸ್ಟೀರಿಂಗಿನ ಮೇಲೆ, ತುಟಿ ಮಾತ್ರ ಶರಣಂ ಶರಣಂ ಅನ್ನುತ್ತಿತ್ತು. ಗಾಡಿಯಲ್ಲಿ ಅಷ್ಟು ಮೌನ ನಾನು ಕಂಡಿರಲೇ ಇಲ್ಲ. ಬೇಕು ಬೇಕು ಅಂತಿದ್ದೆನಲ್ಲ, ಸಿಕ್ಕಾಗ ಹಿಡಿಸಲಿಲ್ಲ.

“ಇಂಜಿನ್ ಆಫ್ ಮಾಡಿ ಸ್ವಾಮಿ. ಹಾರನ್ ಮುಟ್ಬೇಡಿ” ಅಂದೆ. “ಮರಿ ಇರೋ ಗುಂಪು. ನಾವು ಸುಮ್ಕಿದ್ರೆ ಅವೂ ಸುಮ್ಕಿರ್ತವೆ.”

“ನಿಮ್ಗೆ ಹೆದ್ರಿಕೆ ಆಗಲ್ವಾ ಅಜ್ಜಿ?”

“ಹನ್ನೆರಡು ವರ್ಷ ಅಟ್ಟಣೆ ಮೇಲೆ ಕೂತು ರಾಗಿ ಕಾಯ್ದಿದೀನಿ. ಹೆದ್ರಿಕೆ ಆಗ್ತಿತ್ತು. ಹೆದ್ರುಕೊಂಡೇ ತಗಡು ಬಡೀತಿದ್ದೆ.”

ಅವನು ಮತ್ತೆ ಶರಣಂ ಶುರುಮಾಡಿದ. ಅದಕ್ಕೆ ನಾನು ಮಾತಾಡಿದೆ. ಅಟ್ಟಣೆಯ ಮೇಲೆ ನಿದ್ದೆ ಬಾರದ ಹಾಗೆ ಏನು ಮಾಡುತ್ತಿದ್ದೆವು, ಒಂದು ಸಲ ಆನೆ ನನ್ನ ಕಂಬಳಿ ಎಳೆದುಕೊಂಡು ಹೋಗಿ ಮಾರನೇ ದಿನ ಹೊಲದ ಬದುವಿನಲ್ಲಿ ಸಿಕ್ಕಿದ್ದು, ನನ್ನ ಗಂಡ ಆನೆ ಬಂತು ಅಂದಾಗಲೆಲ್ಲ ನನ್ನನ್ನೇ ಮುಂದೆ ಕಳಿಸುತ್ತಿದ್ದದ್ದು, ಎಲ್ಲ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ. ಗಂಟಲು ನೋಯುವುದಕ್ಕೆ ಶುರುವಾಯಿತು. ಒಳಗೊಳಗೆ ನನಗೆ ಖುಷಿಯೂ ಇತ್ತು. ಆನೆ ಬಗ್ಗೆ ಅಲ್ಲ. ತಪ್ಪಿಸಿಕೊಳ್ಳಲು ಒಳ್ಳೆಯ ನೆಪ ಸಿಕ್ಕಿತು ಅಂತ. ಆನೆ ಅಡ್ಡ ಇತ್ತು ಅಂದರೆ ಮಗ ಏನು ಮಾಡುತ್ತಾನೆ, ಆ ಹುಡುಗಿ ಏನು ಅನ್ನುತ್ತಾಳೆ? ಈ ಭಾಗದಲ್ಲಿ ಆ ಮಾತಿಗೆ ಎದುರು ಮಾತಿಲ್ಲ.

ಆದರೆ ಆನೆಗಳು ಹೋದವು. ವಾಚರು ಎರಡು ಪಟಾಕಿ ಹಾರಿಸಿದ, ಗುಂಪು ಮರಿಯನ್ನು ನಡುವೆ ಹಾಕಿಕೊಂಡು ಕಾಡಿನ ಕಡೆ ತಿರುಗಿತು. ವಾಚರು ದಾರಿ ಬಿಟ್ಟ.

“ಮನೆಗೆ ತಿರುಗ್ಸಿ ಸ್ವಾಮಿ” ಅಂದೆ.

“ಯಾಕಜ್ಜಿ? ದಾರಿ ಬುಟ್ರಲ್ಲ.”

“ಹೊತ್ತಾಯ್ತು. ಆನೆ ಹೋಗ್ಲಿಲ್ಲ, ಬೆಳಿಗ್ಗೆ ಎಲ್ಲಾ ಅಲ್ಲೇ ನಿಂತಿದ್ವು ಅಂತ ಮನೇಲಿ ಹೇಳಿದ್ರಾಯ್ತು.”

ಅವನು ಹಿಂದಕ್ಕೆ ತಿರುಗಿ ಕೂತ. “ತಿರುಗಿಸ್ತೀನಿ ಅಜ್ಜಿ, ಗಾಡಿ ನಿಮ್ದು ಇವತ್ತು. ಆದ್ರೆ ಅಕ್ಕ ಕೇಳುದ್ರೆ ನಾನು ಏನ್ ಹೇಳ್ಲಿ? ಆನೆ ಹೋಯ್ತು, ಅಜ್ಜಿ ಬ್ಯಾಡ ಅಂದ್ರು ಅಂತಾನೇ ಹೇಳ್ಬೇಕು. ಮಾಲೆ ಐತಲ್ಲ.”

“ಒಂದ್ ಸುಳ್ಳಿಗೆ ನಿಮ್ ದೇವ್ರು ಸತ್ತೋಗ್ತಾನಾ?”

“ದೇವ್ರಿಗೇನಾಗಲ್ಲ ಅಜ್ಜಿ. ನನಗಾಗುತ್ತೆ. ಇಪ್ಪತ್ತೊಂಬತ್ತು ದಿನ ಕಾಪಾಡ್ಕೊಂಡು ಬಂದಿದೀನಿ.”

ನನಗೆ ರೇಗಿತು. ಹಾಗಾದರೆ ಎಲ್ಲ ನಿಜ ಹೇಳಿಸಿಯೇ ಬಿಡೋಣ ಅನ್ನಿಸಿತು. “ಸರಿ. ನನ್ನ ಸೊಸೆ ನಿಮ್ಗೆ ಹೇಳಿದ್ಲಾ, ಮುದುಕಿ ಮಂಕಾಗವ್ಳೆ, ದಾರಿ ಉದ್ದಕ್ಕೂ ಮಾತಾಡ್ಸು ಅಂತ?”

ಅವನು ಗಡ್ಡ ಕೆರೆದುಕೊಂಡ. “ಹೂಂ ಅಜ್ಜಿ, ಹೇಳಿದ್ರು. ನಗ್ಸಿ, ಇಲ್ಲಾ ಬೈಸ್ಕೊಳಿ, ಎರಡ್ರಲ್ಲಿ ಒಂದು ಮಾಡಿ ಅಂದ್ರು. ಹೇಳ್ದೆ ಇದ್ದಿದ್ರೂ ಮಾತಾಡ್ತಿದ್ದೆ ಬುಡಿ. ನನ್ ಬಾಯಿ ನಿಲ್ಲಲ್ಲ.”

ಆಮೇಲೆ ತಾನಾಗಿ ಹೇಳಿದ. ಮಾರ್ಗಳಿ ತಿಂಗಳು ಅಂದರೆ ನಮ್ಮ ಧನುರ್ಮಾಸ. ಆಗ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಟ್ಯಾಕ್ಸಿ ಇಟ್ಟವನಿಗೆ ಬಾಡಿಗೆ ಇಲ್ಲ. ಐದು ವರ್ಷದ ಹಿಂದೆ ಹೊಸದಾಗಿ ಗಾಡಿ ತೆಗೆದುಕೊಂಡಾಗ ಆ ತಿಂಗಳೆಲ್ಲ ಗಾಡಿ ಮನೆಮುಂದೆ ನಿಂತಿತ್ತು, ಅವನು ಒಳಗೆ ಮಲಗಿದ್ದ. ಮಂಜು, ಚಳಿ, ಎದ್ದು ಮಾಡುವುದೇನು ಅಂತ. ಹೆಂಡತಿ ಮಾತಾಡಿಸಿದರೆ ರೇಗುತ್ತಿದ್ದ. ಒಂದು ದಿನ ಗಾಡಿ ಮಾರಿಬಿಡುತ್ತೇನೆ ಅಂತ ಹೊರಟೇ ಬಿಟ್ಟಿದ್ದನಂತೆ.

“ಮಾರ್ನೇ ವರ್ಷದಿಂದ ಮಾಲೆ ಹಾಕ್ತಿದೀನಿ. ಮಾಲೆ ಹಾಕುದ್ರೆ ನಾಲ್ಕು ಗಂಟೆಗೆ ಏಳ್ಲೇಬೇಕು, ತಣ್ಣೀರು ಹುಯ್ಕೊಳ್ಲೇಬೇಕು, ನಾಲ್ಕ್ ಜನ ಸ್ವಾಮಿಗಳ ಜತೆ ಕೂತು ಭಜನೆ ಮಾಡ್ಲೇಬೇಕು. ಮನಸ್ಸು ಐತೋ ಇಲ್ವೋ ಯಾರೂ ಕೇಳಲ್ಲ. ಅದೇ ಒಳ್ಳೇದು ಅಜ್ಜಿ. ಕೇಳುದ್ರೆ ಇಲ್ಲ ಅಂತೀವಿ.”

ನನಗೆ ದೇವರ ಮೇಲೆ ಅಂಥ ನಂಬಿಕೆ ಏನಿಲ್ಲ. ಅವನನ್ನು ಎಬ್ಬಿಸಿದ್ದು ಅಯ್ಯಪ್ಪನೋ ತಣ್ಣೀರೋ ಅಂತ ಕೇಳಿದರೆ ನಾನು ತಣ್ಣೀರು ಅನ್ನುತ್ತೇನೆ. ಆದರೆ ಅವನ ಮಾತಿನ ಕೊನೆ ನನಗೆ ತಾಗಿತು. ಎರಡು ವಾರದಿಂದ ಪ್ರತಿ ಬೆಳಿಗ್ಗೆ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಏಳುತ್ತೀಯಾ ಅಂತ. ಉತ್ತರ ಗೊತ್ತಿದ್ದೂ ಕೇಳುತ್ತಿದ್ದೆ.

“ಇನ್ನೊಂದು ನಿಜ ಹೇಳಿ” ಅಂದೆ. “ನನ್ ಕೈ ಮೇಲಕ್ಕೆ ಬರುತ್ತಾ?”

ಯಾರನ್ನು ಕೇಳಿದರೂ ಬರುತ್ತೆ ಬರುತ್ತೆ ಅನ್ನುತ್ತಿದ್ದರು. ಇವನು ಅನ್ನಲಿಲ್ಲ.

“ನನಗೇನ್ ಗೊತ್ತಜ್ಜಿ, ನಾನು ಡಾಕ್ಟ್ರಾ? ಹೋದ್ ವರ್ಷ ಕೆಲಮಂಗಲದ ಒಬ್ಬರ್ನ ಇದೇ ಹುಡ್ಗಿ ಹತ್ರಕ್ಕೆ ಕರ್ಕೊಂಡ್ ಹೋಗ್ತಿದ್ದೆ. ನಿಮ್ ಥರಾನೇ ಭುಜ. ಐದ್ ಸಲ ಬಂದು, ಚಳಿ ಅಂತ ನಿಲ್ಲಿಸ್ಬುಟ್ರು. ಅವ್ರ ಕೈ ಈಗ್ಲೂ ಹಂಗೇ ಐತೆ. ಎಡಗೈಲೇ ಉಣ್ತಾರೆ. ಇನ್ನೊಬ್ರು ಹನ್ನೆರಡು ಸಲಾನೂ ಬಂದ್ರು. ಅವ್ರದು ಮುಕ್ಕಾಲು ಬಂತು. ಪೂರ್ತಿ ಬಂದೋರ್ನ ನಾನು ನೋಡಿಲ್ಲ.”

ಮುಕ್ಕಾಲು. ಆ ಮಾತು ನನಗೆ ಹಿಡಿಸಿತು. ಪೂರ್ತಿ ಅಂದಿದ್ದರೆ ನಂಬುತ್ತಿರಲಿಲ್ಲ.

“ನಡೀರಿ” ಅಂದೆ. “ಹೊಸೂರಿಗೆ.”

ಆ ಹುಡುಗಿ ನಮಗಾಗಿ ಕಾಯ್ದಿದ್ದಳು. ಬಿಸಿ ಚೀಲ ಇಟ್ಟು, ಹಗ್ಗದ ರಾಟೆಯಲ್ಲಿ ಕೈ ಎಳೆಸಿ, ಗೋಡೆಯ ಮೇಲೆ ಬೆರಳು ನಡೆಸಿದಳು. ಇರುವೆ ಹತ್ತುವ ಹಾಗೆ ಬೆರಳು ಒಂದೊಂದೇ ಮೇಲಕ್ಕೆ ಇಡಬೇಕು. “ಇನ್ನುಂ ಕೊಂಜಂ ಪಾಟ್ಟಿ, ಇನ್ನುಂ ಕೊಂಜಂ.” ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಜೀವ ತೆಗೆದಳು. ಆ ದಿನ ಅವಳ ಏಳು ತಲೆಮಾರಿಗೆ ಆಗುವಷ್ಟು ಬೈದೆ. ಅವಳಿಗೆ ಕನ್ನಡ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, ಹೋಗುವಾಗ ಮೆಲ್ಲಗೆ, “ಮಂಗಳವಾರ ಬಂದು ಮಿಕ್ಕಿದ್ದು ಬೈಯಿರಿ ಅಜ್ಜಿ” ಅಂದಳು.

ಅಲ್ಲಿಂದ ಮುಂದೆ ನಾನು ನನ್ನನ್ನು ಕೇಳುವುದು ಬಿಟ್ಟೆ. ಮಾಲೆ ಹಾಕಲಿಲ್ಲ, ಯಾವ ಹರಕೆಯೂ ಹೊರಲಿಲ್ಲ. ಬೆಳಕಾದ ತಕ್ಷಣ ಕಂಬಳಿ ಕಾಲಿನಿಂದ ಒದ್ದು ಕೆಳಗೆ ಹಾಕುವುದು, ಅಷ್ಟೇ. ಕಂಬಳಿ ನೆಲಕ್ಕೆ ಬಿದ್ದರೆ ಚಳಿಗಾದರೂ ಏಳಲೇಬೇಕು. ಬಾಗಿಲಾಚೆ ಕಟ್ಟೆಯ ಮೇಲೆ ಕೂತು, ಬಿಸಿಲು ಇರಲಿ ಬಿಡಲಿ, ಅವರೆಕಾಯಿ ಸುಲಿಯುವುದು. ಎಡಗೈಯಲ್ಲಿ ಸುಲಿದರೆ ಒಂದು ಸೇರಿಗೆ ಒಂದು ಬೆಳಗು ಬೇಕು. ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಿದ್ದರು. ಉರಿಯುತ್ತಿತ್ತು. ಉತ್ತರ ಕೊಡುತ್ತಿದ್ದೆ. ಮಂಕು ಹೋಗಿರಲಿಲ್ಲ, ಪಕ್ಕದಲ್ಲೇ ಕೂತಿತ್ತು, ಕೂತಿರಲಿ ಅಂತ ಬಿಟ್ಟೆ.

ನಾಲ್ಕು ಸಲ ಹೋಗಿಬಂದೆವು. ಗಾಡಿಯಲ್ಲಿ ಈಗ ಇಬ್ಬರಿಗೂ ಮಾತು. ಅವನು ಒಂದು ಹೇಳಿದರೆ ನಾನು ಅದರಲ್ಲಿ ತಪ್ಪು ಹಿಡಿಯುತ್ತಿದ್ದೆ. ಆಮೇಲೆ ಅವನು ಇರುಮುಡಿ ಕಟ್ಟಿಕೊಂಡು, ಅಂದರೆ ತಲೆಯ ಮೇಲೆ ಹೊರುವ ಪೂಜೆಯ ಗಂಟು ಕಟ್ಟಿಸಿಕೊಂಡು, ಮಲೆಗೆ ಹೊರಟ. “ಐದು ದಿನ ಇರಲ್ಲ ಅಜ್ಜಿ. ಬೇರೆ ಗಾಡಿಗೆ ಹೇಳಿದೀನಿ, ಮಂಗಳವಾರ ಬತ್ತಾನೆ” ಅಂದ.

ಮಂಗಳವಾರ ಆ ಬೇರೆ ಗಾಡಿ ಬರಲಿಲ್ಲ. ಅವನಿಗೆ ತಿರುಪತಿಗೆ ಬಾಡಿಗೆ ಸಿಕ್ಕಿತಂತೆ, ಹೋಗಿಬಿಟ್ಟಿದ್ದ. ಮಗ ರಾತ್ರಿ ಶಿಫ್ಟಿನಿಂದ ಇನ್ನೂ ಬಂದಿರಲಿಲ್ಲ. ಸೊಸೆ ಫೋನು ಹಿಡಿದುಕೊಂಡು ಯಾರು ಯಾರಿಗೋ ಮಾಡಿದಳು. ಕೊನೆಗೆ, “ಇವತ್ತೊಂದಿನ ಬುಡಿ ಅತ್ತೆ, ಶುಕ್ರವಾರ ನೋಡೋಣ” ಅಂದಳು.

ನೋಡಿ, ಆ ದಿನ ಯಾರೂ ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಹಾಸಿಗೆ ಇನ್ನೂ ಬೆಚ್ಚಗಿತ್ತು. ಆಚೆ ಮಂಜು ಸುಣ್ಣ ಬಳಿದ ಹಾಗಿತ್ತು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು, ಕಂಬಳಿ ಹೊದ್ದು, ಚೀಲ ಎಡಗೈಗೆ ಹಾಕಿಕೊಂಡು ಬಸ್ಸು ನಿಲ್ಲುವ ಮರದ ಕೆಳಗೆ ಹೋಗಿ ನಿಂತೆ. ಸೊಸೆ ಹಿಂದೆಯೇ ಓಡಿಬಂದು, “ಅತ್ತೆ, ನಿಮ್ಗೆ ತಲೆ ನೆಟ್ಟಗೈತಾ? ಆ ಬಸ್ಸಲ್ಲಿ ಕೈ ಏನಾಗ್ಬೇಕು?” ಅಂದಳು.

“ಮನೇಲಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ” ಅಂದೆ.

ಬಸ್ಸು ಫ್ಯಾಕ್ಟರಿಗೆ ಹೋಗುವ ಹುಡುಗಿಯರಿಂದ ತುಂಬಿತ್ತು. ಎಲ್ಲರೂ ಒಂದೇ ಬಣ್ಣದ ಕೋಟು ಹಾಕಿಕೊಂಡು, ಕಿವಿಗೆ ಮಫ್ಲರು ಸುತ್ತಿಕೊಂಡು, ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ನಾನು ಬಾಗಿಲಿನ ಹತ್ತಿರದ ಕಂಬಕ್ಕೆ ಎಡಭುಜ ಒರಗಿಸಿಕೊಂಡೆ. ಒಂದು ತಿರುವಿನಲ್ಲಿ ಮಂಜಿನೊಳಗಿಂದ ಹಸು ಅಡ್ಡ ಬಂತು, ಡ್ರೈವರು ಬ್ರೇಕು ಒತ್ತಿದ. ಎಲ್ಲರೂ ಮುಂದಕ್ಕೆ ಬಿದ್ದರು. ನಾನು ಬೀಳಲಿಲ್ಲ. ನೋಡಿದರೆ ನನ್ನ ಬಲಗೈ ಕಂಬ ಹಿಡಿದಿತ್ತು. ಹಣೆಯ ಮಟ್ಟಕ್ಕೆ. ಯಾರೂ ಇನ್ನೂ ಸ್ವಲ್ಪ ಅನ್ನದೆ ತಾನಾಗಿ ಹೋಗಿತ್ತು. ನೋವಿಗೆ ಕಣ್ಣು ಕತ್ತಲೆ ಬಂತು. ಪಕ್ಕದ ಹುಡುಗಿ ಎದ್ದು, “ಅಮ್ಮಾ, ಉಕ್ಕಾರುಂಗ”, ಕೂತುಕೊಳ್ಳಿ ಅಂದಳು. ಬೇಡ ಅಂದೆ. ಡೆಂಕಣಿಕೋಟೆ ಬರುವವರೆಗೂ ಕೈ ಕೆಳಗೆ ಇಳಿಸಲಿಲ್ಲ. ಇಳಿಸಿದರೆ ಮತ್ತೆ ಬರುತ್ತದೋ ಇಲ್ಲವೋ ಅನ್ನುವ ಭಯ ಇತ್ತು, ನಿಜ ಹೇಳಬೇಕು ಅಂದರೆ.

ಹೊಸೂರಿನಲ್ಲಿ ಅವಳ ಗೋಡೆಯ ಮುಂದೆ ನಿಂತು ಮತ್ತೆ ಎತ್ತಿದೆ. ಬಂತು. ಅವಳು ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಎಳೆದಳು. ಯಾರು ಕರೆದುಕೊಂಡು ಬಂದರು ಅಂತ ಕೇಳಿದಳು. ಬಸ್ಸು ಅಂದೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಡ್ರೈವರು ಬಂದ. ಗಡ್ಡ ತೆಗೆಸಿ, ಚಪ್ಪಲಿ ಹಾಕಿ, ಹೂವಿನ ಅಂಗಿ ತೊಟ್ಟಿದ್ದ. ಗುರುತೇ ಸಿಗಲಿಲ್ಲ. ಮಾಲೆ ಬಿಚ್ಚಿದ್ದಾನಲ್ಲ, ಬಾಯ್ತುಂಬ “ಬಾರ್ಲಾ, ಕೂತ್ಕೋ” ಅಂದೆ. ಮೂರು ತಿಂಗಳ ಮೇಲೆ ಅವತ್ತು ಮೊದಲ ಸಲ ನಾನೇ ಬಲಗೈಯಲ್ಲಿ ಕೋಲು ಹಿಡಿದು ಮುದ್ದೆ ತಿರುವಿದ್ದೆ. ಕೈಗೆ ಬಲ ಸಾಲದೆ ಗಂಟು ಗಂಟಾಗಿತ್ತು. ಅವರೆಕಾಳಿನ ಸಾರು ಹಾಕಿ ಕೊಟ್ಟೆ. ಮನೆಯವರು ತಲೆ ಬಗ್ಗಿಸಿಕೊಂಡು ಉಂಡರು. ಇವನು ಒಂದು ತುತ್ತು ನುಂಗಿ, “ಬೆಣ್ಣೆ ಇದ್ದಂಗೈತೆ ಅಜ್ಜಿ” ಅಂದ.

“ಮಾಲೆ ತೆಗೆದ ಎರಡೇ ದಿನಕ್ಕೆ ಶುರು ಹಚ್ಕೊಂಡ್ಯಾ?” ಅಂದೆ. ಸೊಸೆ ಸಾರು ನೆತ್ತಿಗೆ ಹತ್ತಿಸಿಕೊಂಡು ನಕ್ಕಳು.

ಹನ್ನೆರಡು ಸಲ ಮುಗಿದಿದೆ. ಕೈ ಕಿವಿ ದಾಟಿದೆ, ತಲೆಗೆ ನಾನೇ ನೀರು ಹುಯ್ದುಕೊಳ್ಳುತ್ತೇನೆ. ಬೆನ್ನಿಗೆ ಇನ್ನೂ ಎಟಕುವುದಿಲ್ಲ. ಆ ಹುಡುಗಿ ಇನ್ನು ಆರು ಸಲ ಬನ್ನಿ ಅಂದಿದ್ದಾಳೆ. ಮಗ ಕೇಳಿದ, ಟ್ಯಾಕ್ಸಿ ಹೇಳಲೋ ಬಸ್ಸಿಗೆ ಹೋಗುತ್ತೀಯೋ ಅಂತ. ಹೋಗುವಾಗ ಬಸ್ಸು, ಬರುವಾಗ ಟ್ಯಾಕ್ಸಿ ಅಂದೆ. ಬರುವಾಗ ಕೈ ನೋಯುತ್ತಿರುತ್ತದೆ, ಆಗ ಪಕ್ಕದಲ್ಲಿ ಯಾರಾದರೂ ಒದರುತ್ತಿದ್ದರೆ ದಾರಿ ಸಾಗುತ್ತದೆ.